ಬಣ್ಣ ಎದ್ದ, ಚಕ್ರ ಮುರಿದ ಹಳೆಯ ಸ್ಪಿಟ್‌ಫೈರ್ ಮಾಡೆಲ್ ಸರಿಮಾಡುವುದು ಹೇಗೆ?

"ಮನೆಯಲ್ಲಿ ಹಳೆಯ ಸ್ಪಿಟ್‌ಫೈರ್ ಮಾಡೆಲ್ ಸಿಕ್ಕಿದೆ. ಬಣ್ಣ ಗಂಟುಗಂಟಾಗಿದೆ, ಪ್ರೊಪೆಲ್ಲರ್ ಮುರಿದಿದೆ. ಸರಿಮಾಡಬಹುದಾ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಸ್ಪಿಟ್‌ಫೈರ್ ಅಂದರೆ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಸರಿಮಾಡಬಹುದು. ಆದರೆ ಇದು ಹೊಸ ಕಿಟ್, ಅಂದರೆ ಬಿಡಿ ತುಂಡುಗಳಾಗಿ ಬರುವ ಪ್ಲಾಸ್ಟಿಕ್ ಮಾಡೆಲ್, ತಂದು ಕಟ್ಟುವ ಕೆಲಸದ ಹಾಗಲ್ಲ. ಹೊಸದು ಕೆಟ್ಟರೆ ಇನ್ನೊಂದು ತರಬಹುದು. ಐವತ್ತು ಅರವತ್ತು ವರ್ಷ ಹಳೆಯ ಪ್ಲಾಸ್ಟಿಕ್ ತಪ್ಪು ದ್ರವಕ್ಕೆ ಬಿದ್ದರೆ ಮುಗಿಯಿತು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಕೈಯಲ್ಲಿರುವುದು ಏನು ಅಂತ ಗೊತ್ತಾಗುವ ತನಕ ಅದಕ್ಕೆ ಏನನ್ನೂ ಹಚ್ಚಬೇಡಿ.

ಉದಾಹರಣೆಗೆ 1:72 ಅಳತೆಯ ಸ್ಪಿಟ್‌ಫೈರ್ ಇಟ್ಟುಕೊಳ್ಳೋಣ. 1:72 ಅಂದರೆ ಅಸಲಿ ವಿಮಾನದ ಎಪ್ಪತ್ತೆರಡನೇ ಒಂದು ಪಾಲು. ಆ ಕಾಲದ ಬೇರೆ ಬ್ರಿಟಿಷ್ ವಿಮಾನಗಳಾದ ಹರಿಕೇನ್, ಲ್ಯಾಂಕಾಸ್ಟರ್, ಮಾಸ್ಕಿಟೊ ಯಾವುದಿದ್ದರೂ ಕ್ರಮ ಇದೇ.

ಬೇಕಾಗುವ ಸಾಮಾನು

ಪಾತ್ರೆ ತೊಳೆಯುವ ಲಿಕ್ವಿಡ್, ಎರಡು ಮೂರು ಹಳೆಯ ಮೆತ್ತನೆ ಟೂತ್‌ಬ್ರಶ್, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಮಾಸ್ಕ್. ಹಾರ್ಡ್‌ವೇರ್ ಅಂಗಡಿಯಿಂದ 400, 600, 1000, 2000 ನಂಬರಿನ ವಾಟರ್ ಪೇಪರ್. ಚೂಪಾದ ಕಟರ್, ಫೆವಿಕಾಲ್, ಮಾಸ್ಕಿಂಗ್ ಟೇಪ್. ಹವ್ಯಾಸದ ಅಂಗಡಿಯಿಂದ ಪ್ಲಾಸ್ಟಿಕ್ ಮಾಡೆಲ್ ಅಂಟು, ಪುಟ್ಟಿ, ಪ್ರೈಮರ್, ಬಣ್ಣ. ಡೆಕಾಲ್ ಬೇಕಾಗುತ್ತದೆ, ಆದರೆ ಈಗಲೇ ಕೊಳ್ಳಬೇಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಡೆಕಾಲ್ ಅಂದರೆ ನೀರಿನಲ್ಲಿ ನೆನೆಸಿ, ಕಾಗದದಿಂದ ಜಾರಿಸಿ ಅಂಟಿಸುವ ತೆಳು ಚಿತ್ರ.

1. ಮೊದಲು ಗುರುತು ಹಿಡಿಯಿರಿ

ನಾಲ್ಕೂ ಕಡೆಯಿಂದ, ಕೆಳಗಿನಿಂದಲೂ ಫೋಟೊ ತೆಗೆದಿಡಿ. ಬಿಡಿಸಿದ ಮೇಲೆ ಯಾವ ತುಂಡು ಎಲ್ಲಿತ್ತು ಅನ್ನುವುದು ನೆನಪಿರುವುದಿಲ್ಲ.

ಆಮೇಲೆ ಪ್ಲಾಸ್ಟಿಕ್ ಯಾವುದು ಅಂತ ನೋಡಿ. ಹಳೆಯ ಕಿಟ್‌ಗಳಲ್ಲಿ ಬಹುಪಾಲು ಪಾಲಿಸ್ಟೈರೀನ್. ಗಟ್ಟಿ, ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ಆದರೆ ಬ್ರಿಟನ್ನಿನಲ್ಲಿ 1936ರಲ್ಲೇ ಶುರುವಾದ, ಫ್ರಾಗ್ ಕಂಪನಿಯ ಪೆಂಗ್ವಿನ್ ಕಿಟ್‌ಗಳು ಸೆಲ್ಯುಲೋಸ್ ಅಸಿಟೇಟ್ ಅನ್ನುವ ಬೇರೆ ಪ್ಲಾಸ್ಟಿಕ್‌ನವು. ಇವು ವರ್ಷ ಕಳೆದಂತೆ ತಾವಾಗಿಯೇ ತಿರುಚಿಕೊಳ್ಳುತ್ತವೆ. ರೆಕ್ಕೆ ಬಾಗಿದ್ದು, ಮೂಗಿನ ಹತ್ತಿರ ಹಿಡಿದರೆ ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಎಂದೇ ಇಟ್ಟುಕೊಳ್ಳಿ. ಮುಂದೆ ಹೇಳುವ ಕಾಸ್ಟಿಕ್ ಸೋಡಾ ಈ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಅಂಥ ಮಾಡೆಲ್ ಇದ್ದರೆ ಧೂಳು ಒರೆಸಿ, ಗಾಳಿಯಾಡುವ ತಂಪು ಜಾಗದಲ್ಲಿ ಇಟ್ಟುಬಿಡಿ. ಅದನ್ನು ಹೊಸದರ ಹಾಗೆ ಮಾಡುವ ಆಸೆ ಬೇಡ.

ಏರ್‌ಫಿಕ್ಸ್ ಅನ್ನುವ ಬ್ರಿಟಿಷ್ ಕಂಪನಿ ತನ್ನ ಮೊದಲ ವಿಮಾನ ಕಿಟ್ ತಂದದ್ದು 1950ರ ದಶಕದಲ್ಲಿ. ಅದೂ ಸ್ಪಿಟ್‌ಫೈರೇ. ಅಸಲಿ ವಿಮಾನಕ್ಕೆ ಹೋಲಿಸಿದರೆ ಆಕಾರದಲ್ಲಿ ತಪ್ಪುಗಳಿದ್ದರೂ ಸಂಗ್ರಹಕಾರರಿಗೆ ಅದು ಬಹಳ ಬೇಕಾದದ್ದು. ಆ ಕಾಲದ ಚೀಲದಲ್ಲೇ, ಕಟ್ಟದೆ ಉಳಿದದ್ದು ನಿಮಗೆ ಸಿಕ್ಕಿದ್ದರೆ ದಯವಿಟ್ಟು ಹಾಗೇ ಇಡಿ. 1970ರ ದಶಕದ ಮ್ಯಾಚ್‌ಬಾಕ್ಸ್ ಕಿಟ್‌ಗಳಲ್ಲಿ ಪ್ಲಾಸ್ಟಿಕ್ಕೇ ಎರಡು ಮೂರು ಬಣ್ಣದಲ್ಲಿ ಬರುತ್ತಿತ್ತು. ಮಕ್ಕಳು ಬಣ್ಣ ಹಚ್ಚದೆಯೇ ಕಟ್ಟುತ್ತಿದ್ದರು. ಅಂಥದ್ದನ್ನು ನೋಡಿ "ಬಣ್ಣ ಹೋಗಿದೆ" ಅಂದುಕೊಳ್ಳಬೇಡಿ. ನೊವೊ ಅಂತ ಹೆಸರಿದ್ದರೆ ಅದು ಫ್ರಾಗ್‌ನ ಹಳೆಯ ಅಚ್ಚಿನಿಂದ ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಕಿಟ್.

ಪೆಟ್ಟಿಗೆ ಇಲ್ಲದಿದ್ದರೆ ಸ್ಕೇಲ್ ತೆಗೆದುಕೊಳ್ಳಿ. ಮಾಮೂಲಿ ಸ್ಪಿಟ್‌ಫೈರ್ ರೆಕ್ಕೆಯ ತುದಿಯಿಂದ ತುದಿಗೆ 11.23 ಮೀಟರ್. 1:72ರಲ್ಲಿ ಅದು ಸುಮಾರು 156 ಮಿ.ಮೀ. ಹರಿಕೇನ್ ಆದರೆ 169, ಲ್ಯಾಂಕಾಸ್ಟರ್ ಆದರೆ 432. ನಿಮ್ಮದು ಇದಕ್ಕೆ ಹತ್ತಿರ ಇದ್ದರೆ 1:72.

ಯಾವ ಮಾರ್ಕ್ ಅಂತ ತಿಳಿಯುವುದೂ ಸುಲಭ. ಮಾರ್ಕ್ ಅಂದರೆ ವಿಮಾನದ ಆವೃತ್ತಿ. ಮಾಡೆಲ್ ಮಗುಚಿ ರೆಕ್ಕೆಯ ಕೆಳಗೆ ನೋಡಿ. ಪೈಲಟ್‌ನ ಬಲಗೈ ಕಡೆ ಪೆಟ್ಟಿಗೆಯಂಥ ರೇಡಿಯೇಟರ್, ಎಡಗಡೆ ಸಣ್ಣ ಆಯಿಲ್ ಕೂಲರ್ ಇದ್ದರೆ ಅದು ಮಾರ್ಕ್ 1 ಅಥವಾ 5ರ ಗುಂಪು. ಎರಡೂ ಕಡೆ ಒಂದೇ ಥರದ ಪೆಟ್ಟಿಗೆ, ಮುಂದೆ ನಾಲ್ಕು ಎಲೆಯ ಪ್ರೊಪೆಲ್ಲರ್ ಇದ್ದರೆ ಮಾರ್ಕ್ 9. ಏರ್‌ಫಿಕ್ಸ್‌ನ 1960ರ ಕಿಟ್ ಈ ಮಾರ್ಕ್ 9. ಬಣ್ಣ, ಡೆಕಾಲ್, ಕೊನೆಗೆ ಒಂದು ತಂತಿ ಹಾಕಬೇಕೋ ಬೇಡವೋ ಎಲ್ಲವೂ ಇದರ ಮೇಲೆ ನಿಂತಿದೆ. ಅದಕ್ಕೇ ಡೆಕಾಲ್ ಈಗಲೇ ಬೇಡ ಅಂದದ್ದು.

2. ತೊಳೆಯಿರಿ

ಉಗುರು ಬೆಚ್ಚಗಿನ ನೀರು, ಎರಡು ಹನಿ ಲಿಕ್ವಿಡ್, ಮೆತ್ತನೆ ಬ್ರಶ್. ಕುದಿಯುವ ನೀರು ಬೇಡವೇ ಬೇಡ, ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಕೆಳಗೆ ಜರಡಿ ಇಟ್ಟುಕೊಳ್ಳಿ, ಬಿದ್ದ ಚಕ್ರ ಸಿಂಕಿನಲ್ಲಿ ಹೋಗಬಾರದು. ತೊಳೆದ ಮೇಲೆ ಒಮ್ಮೆ ಕೂತು ನೋಡಿ. ಎಷ್ಟೋ ಮಾಡೆಲ್‌ಗಳಿಗೆ ಇಷ್ಟೇ ಸಾಕಾಗಿರುತ್ತದೆ. ತಂದೆಯವರೋ ಅಣ್ಣನೋ ಕೈಯಾರೆ ಹಚ್ಚಿದ ಬಣ್ಣ ಚೆನ್ನಾಗಿಯೇ ಇದ್ದರೆ ಅದನ್ನು ತೆಗೆಯಬೇಡಿ ಅಂತಲೇ ನಾನು ಹೇಳುತ್ತೇನೆ. ಮುರಿದದ್ದನ್ನು ಮಾತ್ರ ಜೋಡಿಸಿ.

3. ಬಿಡಿಸುವುದು

ಆ ಕಾಲದ ಟ್ಯೂಬ್ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದಾಗಿಸುತ್ತದೆ. ಹಾಗಾಗಿ ಚೆನ್ನಾಗಿ ಕೂತ ಜೋಡಣೆ ಬಿಡಿಸಲು ಆಗುವುದಿಲ್ಲ, ಬಿಡಿಸುವ ಅಗತ್ಯವೂ ಇಲ್ಲ. ಸಡಿಲಾದ, ವಕ್ರವಾಗಿ ಅಂಟಿದ ಭಾಗಗಳನ್ನು ಮಾತ್ರ ಬಿಡಿಸಿ.

ಮಾಡೆಲ್ ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಾತ್ರಿ ಫ್ರೀಜರಿನಲ್ಲಿಡಿ. ಚಳಿಗೆ ಅಂಟು ಪೆಡಸಾಗುತ್ತದೆ. ಬೆಳಗ್ಗೆ ತೆಗೆದ ತಕ್ಷಣ ಜೋಡಣೆಯ ಗೆರೆಯ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ. 'ಟಿಕ್' ಅಂತ ಸದ್ದು ಬಂದರೆ ಬಿಡುತ್ತಿದೆ ಅಂತ ಅರ್ಥ. ಬರದಿದ್ದರೆ ಬಲ ಹಾಕಬೇಡಿ. ಕಟರಿನ ಬೆನ್ನಿನಿಂದ ಅದೇ ಗೆರೆಯ ಮೇಲೆ ಹತ್ತಾರು ಸಲ ಹಗುರವಾಗಿ ಗೀರಿ, ಮತ್ತೆ ಫ್ರೀಜರಿಗೆ ಇಡಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಅವಸರ. ಚಕ್ರದ ಕಾಲು ಮುರಿಯುವುದು ಯಾವಾಗಲೂ ಈ ಹಂತದಲ್ಲೇ.

ಕೆನೊಪಿಯನ್ನು, ಅಂದರೆ ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳವನ್ನು, ಬಣ್ಣ ತೆಗೆಯುವ ಮೊದಲೇ ಬಿಡಿಸಿ ಬೇರೆ ಡಬ್ಬಿಯಲ್ಲಿಡಿ.

4. ಹಳೆಯ ಬಣ್ಣ ತೆಗೆಯುವುದು

ಅತಿ ಹೆಚ್ಚು ಮಾಡೆಲ್ ಹಾಳಾಗುವುದು ಇಲ್ಲಿ. ಮೊದಲು ಬೇಡದ್ದರ ಪಟ್ಟಿ: ನೇಲ್ ಪಾಲಿಶ್ ರಿಮೂವರ್, ಅಸಿಟೋನ್, ಎನ್‌ಸಿ ಥಿನ್ನರ್, ಪೆಟ್ರೋಲ್. ಇವು ಬಣ್ಣದ ಜೊತೆ ಪ್ಲಾಸ್ಟಿಕ್ಕನ್ನೂ ಕರಗಿಸುತ್ತವೆ. "ಒಂದು ಮೂಲೆಗೆ ಸ್ವಲ್ಪ ಹಚ್ಚಿ ನೋಡೋಣ" ಅಂತಲೂ ಬೇಡ.

ಆಕ್ರಿಲಿಕ್ ಬಣ್ಣಕ್ಕೆ, ಅಂದರೆ ನೀರಿನಲ್ಲಿ ಬೆರೆಸಿ ಹಚ್ಚುವ ಬಣ್ಣಕ್ಕೆ, ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡ. ನೀರು ಬೆರೆಸದ ಡೆಟಾಲ್ ಕೂಡ ಕೆಲಸ ಮಾಡುತ್ತದೆ. ಒಂದು ರಾತ್ರಿ ನೆನೆಸಿ ಬ್ರಶ್‌ನಿಂದ ಉಜ್ಜಿ. ಆದರೆ ಡೆಟಾಲ್‌ನಿಂದ ತೆಗೆದ ತಕ್ಷಣ ನೀರಿಗೆ ಹಿಡಿಯಬೇಡಿ. ಬಣ್ಣವೆಲ್ಲ ಬಿಡಿಸಲಾಗದ ಅಂಟಂಟು ಜಿಗುಟಾಗುತ್ತದೆ. ಬ್ರಶ್ಶನ್ನು ಹೊಸ ಡೆಟಾಲಿನಲ್ಲೇ ಅದ್ದಿ ಪೂರ್ತಿ ಉಜ್ಜಿ, ಆಮೇಲೆ ಲಿಕ್ವಿಡ್ ಸೋಪು, ಕೊನೆಗೆ ನೀರು.

ಆದರೆ 1960, 70ರ ದಶಕದ ಮಾಡೆಲ್‌ಗಳ ಮೇಲೆ ಇರುವುದು ಸಾಮಾನ್ಯವಾಗಿ ಎನಾಮೆಲ್. ಎಣ್ಣೆ ಆಧಾರದ, ಗಟ್ಟಿ ಪದರ ಕಟ್ಟುವ ಬಣ್ಣ. ಪುಟ್ಟ ಡಬ್ಬಿಯ ಹಂಬ್ರೋಲ್ ಬಣ್ಣ ಬ್ರಿಟನ್ನಿನ ಹುಡುಗರಿಗೆಲ್ಲ ಗೊತ್ತಿತ್ತು. ಇದಕ್ಕೆ ನಂಬಿಕೆಯ ಉಪಾಯ ಕಾಸ್ಟಿಕ್ ಸೋಡಾ. ಒಂದು ಲೀಟರ್ ತಣ್ಣೀರಿಗೆ 50 ಗ್ರಾಂ. ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಬಿಸಿಯಾಗಿ ಚಿಮ್ಮುತ್ತದೆ. ಪಾತ್ರೆ ಪ್ಲಾಸ್ಟಿಕ್ಕಿನದೇ ಇರಲಿ, ಅಲ್ಯೂಮಿನಿಯಂ ಖಂಡಿತ ಬೇಡ. ಗ್ಲೌಸ್, ಕನ್ನಡಕ ಹಾಕದೆ ಡಬ್ಬಿ ತೆರೆಯಬೇಡಿ. ಮೈಗೆ ಬಿದ್ದರೆ ತುಂಬಾ ನೀರು ಹರಿಸಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ ತೊಳೆಯುತ್ತಲೇ ಇರಿ, ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಈ ವಿಧಾನವನ್ನೇ ಬಿಡಿ. ಮಾಡೆಲ್ ಅಷ್ಟು ಮುಖ್ಯವಲ್ಲ.

ರಾತ್ರಿಯಿಡೀ ನೆನೆದ ಮೇಲೆ ಬಣ್ಣ ಸಿಪ್ಪೆಸಿಪ್ಪೆಯಾಗಿ ಬರುತ್ತದೆ. ಸಂದುಗಳಲ್ಲಿ ಉಳಿದದ್ದನ್ನು ಹಲ್ಲುಕಡ್ಡಿಯಿಂದ ಕೆರೆಯಿರಿ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ಆದ್ದರಿಂದ ಒಣ ಬಣ್ಣವನ್ನು ಉಜ್ಜಿ ಪುಡಿ ಎಬ್ಬಿಸಬೇಡಿ. ಏನೇ ಉಜ್ಜುವುದಿದ್ದರೂ ನೀರು ಹಚ್ಚಿ ಉಜ್ಜಿ, ಮಾಸ್ಕ್ ಹಾಕಿ.

ಬ್ರೇಕ್ ಆಯಿಲ್ ಉಪಯೋಗಿಸಬಹುದಾ ಅಂತಲೂ ಕೇಳುತ್ತಾರೆ. ಬಣ್ಣ ಬಿಡುತ್ತದೆ, ಸರಿ. ಆದರೆ ಜಾಸ್ತಿ ಹೊತ್ತು ನೆನೆದರೆ ಹಳೆಯ ಪ್ಲಾಸ್ಟಿಕ್ ಪೆಡಸಾಗುವ ಭಯ ಇದೆ. ನಾನು ಅದನ್ನು ಸೂಚಿಸುವುದಿಲ್ಲ.

5. ಬಾಗಿದ್ದು, ಮುರಿದದ್ದು, ಕಳೆದುಹೋದದ್ದು

ಶೀಟಿನ ಅಟ್ಟದಲ್ಲಿ, ಬಿಸಿಲು ಬೀಳುವ ಶೋಕೇಸಿನಲ್ಲಿ ಇದ್ದ ಮಾಡೆಲ್‌ಗಳ ರೆಕ್ಕೆ ಜೋತುಬಿದ್ದಿರುತ್ತದೆ. 70 ಡಿಗ್ರಿಯಷ್ಟು ಬಿಸಿ ನೀರಿನಲ್ಲಿ ಆ ಭಾಗವನ್ನು ಅರ್ಧ ನಿಮಿಷ ಅದ್ದಿ, ನೇರ ಮಾಡಿ ಹಿಡಿದುಕೊಂಡೇ ತಣ್ಣೀರಿಗೆ ಇಳಿಸಿ. ಒಂದೇ ಸಲಕ್ಕೆ ಪೂರ್ತಿ ಸರಿಮಾಡಲು ಹೋಗದೆ, ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಸಲ ಮಾಡಿ.

ಬಿರುಕು ತುಂಬಲು ಅಂಗಡಿಯ ಪುಟ್ಟಿ ಆಗುತ್ತದೆ. ಅದಕ್ಕಿಂತ ನನಗೆ ಹಿಡಿಸುವುದು ಮನೆಯಲ್ಲೇ ಮಾಡಿದ್ದು. ಸ್ಪ್ರೂ ಅಂದರೆ ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು. ಅದರ ಚೂರುಗಳನ್ನು ನೀರಿನ ಹಾಗಿರುವ ಮಾಡೆಲ್ ಅಂಟಿನ ಬಾಟಲಿಯಲ್ಲಿ ಹಾಕಿ ಒಂದು ದಿನ ಬಿಡಿ. ದೋಸೆ ಹಿಟ್ಟಿನ ಹದಕ್ಕೆ ಬಂದರೆ ಸಾಕು. ಬಿರುಕಿಗೆ ಹಚ್ಚಿ, ಎರಡು ದಿನ ಒಣಗಲು ಬಿಟ್ಟು ಉಜ್ಜಿ. ಅದೇ ಪ್ಲಾಸ್ಟಿಕ್ ಆದ್ದರಿಂದ ತುಂಬಿದ ಜಾಗವೂ ಮೂಲ ಭಾಗದಷ್ಟೇ ಗಟ್ಟಿಯಾಗುತ್ತದೆ.

ಉಜ್ಜುವಾಗ ಒಂದು ಮಾತು. ಹಳೆಯ ಏರ್‌ಫಿಕ್ಸ್ ಕಿಟ್‌ಗಳ ಮೈಮೇಲೆ ಉಬ್ಬಿದ ರಿವೆಟ್‌ಗಳ ಸಾಲು ಇರುತ್ತದೆ. ಅರ್ಧ ಮಿ.ಮೀ. ಅಗಲದ ರಿವೆಟ್ ಅಸಲಿ ಅಳತೆಗೆ 36 ಮಿ.ಮೀ. ಆಯಿತು. ಅಷ್ಟು ದಪ್ಪದ ರಿವೆಟ್ ಯಾವ ಸ್ಪಿಟ್‌ಫೈರ್‌ನಲ್ಲೂ ಇರಲಿಲ್ಲ, ನಿಜ. ಹಾಗಂತ ಎಲ್ಲವನ್ನೂ ಉಜ್ಜಿ ನುಣ್ಣಗೆ ಮಾಡಬೇಡಿ. ನಿಖರವಾದ ಸ್ಪಿಟ್‌ಫೈರ್ ಬೇಕಾದರೆ ಇವತ್ತಿನ ಹೊಸ ಕಿಟ್ ಬೇಕಾದಷ್ಟಿವೆ. ನಿಮ್ಮ ಕೈಯಲ್ಲಿರುವುದು ಆ ಕಾಲದ ಅಚ್ಚು. ಆ ರಿವೆಟ್‌ಗಳೇ ಅದರ ಗುರುತು. ಜೋಡಣೆಯ ಗೆರೆಯ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ನಡುವಿನ ಪಟ್ಟಿ ಮಾತ್ರ ಉಜ್ಜಿದರೆ ಉಳಿದದ್ದು ಹಾಗೇ ಇರುತ್ತದೆ.

ಕಳೆದುಹೋದ ತೆಳು ಕಡ್ಡಿಗಳನ್ನು ಸ್ಪ್ರೂವಿನಿಂದಲೇ ಎಳೆಯಬಹುದು. ಮೋಂಬತ್ತಿಯ ಜ್ವಾಲೆಗೆ ತಾಗಿಸದೆ, ಎರಡು ಬೆರಳು ಮೇಲೆ ಹಿಡಿದು ತಿರುಗಿಸುತ್ತಿರಿ. ಹೊಳೆಯುತ್ತಾ ಮೆತ್ತಗಾದಾಗ ಹೊರಗೆ ತಂದು ಎಳೆಯಿರಿ. ನಿಧಾನ ಎಳೆದರೆ ದಪ್ಪ, ಬೇಗ ಎಳೆದರೆ ಕೂದಲೆಳೆ. ಆಂಟೆನಾ ತಂತಿ ಹಾಕುವ ಮುಂಚೆ ಮಾರ್ಕ್ ನೆನಪಿಸಿಕೊಳ್ಳಿ. ಕಂಬದಿಂದ ಬಾಲಕ್ಕೆ ತಂತಿ ಇದ್ದದ್ದು ಮೊದಮೊದಲ ಸ್ಪಿಟ್‌ಫೈರ್‌ಗಳಲ್ಲಿ. ವಿಎಚ್‌ಎಫ್ ರೇಡಿಯೊ ಬಂದ ಮೇಲೆ ಆ ತಂತಿ ಹೋಯಿತು. ಮಾರ್ಕ್ 9ಕ್ಕೆ ಬೇಡ.

6. ಕೆನೊಪಿ

ಗೀರು ಬಿದ್ದು ಮಬ್ಬಾಗಿದ್ದರೆ 2000 ನಂಬರಿನ ಪೇಪರಿನಿಂದ ನೀರು ಹಚ್ಚಿ ಉಜ್ಜಿ. ಆಮೇಲೆ ಹತ್ತಿ ಬಟ್ಟೆಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಹತ್ತು ನಿಮಿಷ ತಿಕ್ಕಿ. ಜೆಲ್ ಪೇಸ್ಟ್ ಆಗುವುದಿಲ್ಲ. ಹೊಳಪು ಬಂದ ಮೇಲೆ ಮಿರುಗುವ (ಗ್ಲಾಸಿ) ಆಕ್ರಿಲಿಕ್ ವಾರ್ನಿಶ್‌ನಲ್ಲಿ ಅದ್ದಿ, ಟಿಶ್ಯೂ ಮೇಲಿಟ್ಟು, ಧೂಳು ಬೀಳದ ಹಾಗೆ ಲೋಟ ಮುಚ್ಚಿ.

ಕೆನೊಪಿ ಅಂಟಿಸಲು ಸೂಪರ್ ಗ್ಲೂ ಹತ್ತಿರ ಹೋಗಬೇಡಿ. ಅದರ ಹಬೆಗೆ ಒಳಗೆಲ್ಲ ಬೆಳ್ಳಗಾಗುತ್ತದೆ. ಫೆವಿಕಾಲ್ ಸಾಕು. ಒಣಗಿದರೆ ಕಾಣುವುದಿಲ್ಲ, ಜಾಸ್ತಿಯಾದರೆ ಒದ್ದೆ ಬ್ರಶ್‌ನಿಂದ ಒರೆಸಬಹುದು.

7. ಬಣ್ಣ: ವರ್ಷ ನೋಡಿ ಹಚ್ಚಿ

ಮೊದಲು ಬೂದು ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಹಾಕುವ ತಳಪದರ. ಕಣ್ಣಿಗೆ ಕಾಣದ ಗೀರು, ಸಂದು ಎಲ್ಲ ಇದರಲ್ಲಿ ಎದ್ದು ಕಾಣುತ್ತದೆ. ತಿದ್ದಿ, ಮತ್ತೊಮ್ಮೆ ಪ್ರೈಮರ್. ಮಳೆ ಹಿಡಿದ ದಿನ ಸ್ಪ್ರೇ ಮಾಡಬೇಡಿ. ಗಾಳಿಯ ತೇವಕ್ಕೆ ಲ್ಯಾಕರ್, ಅಂದರೆ ಥಿನ್ನರ್ ಬೆರೆತ ಬೇಗ ಒಣಗುವ ಬಣ್ಣ, ಬೆಳ್ಳಗೆ ಹೂ ಬಿಡುತ್ತದೆ. ಮಂಗಳೂರು ಕಡೆಯವರು ಜುಲೈನಲ್ಲಿ ಈ ಕೆಲಸ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಎನಾಮೆಲ್ ಮೇಲೆ ಲ್ಯಾಕರ್ ಹೊಡೆದರೆ ಸುಕ್ಕುಗಟ್ಟುತ್ತದೆ. ಲ್ಯಾಕರ್ ಮೊದಲು, ಎನಾಮೆಲ್ ಆಮೇಲೆ.

ಇನ್ನು ಯಾವ ಬಣ್ಣ? 1940ರ ಬೇಸಿಗೆಯ ಸ್ಪಿಟ್‌ಫೈರ್, ಹರಿಕೇನ್‌ಗಳಿಗೆ ಮೇಲೆ ಡಾರ್ಕ್ ಅರ್ಥ್ ಅನ್ನುವ ಕಂದು, ಡಾರ್ಕ್ ಗ್ರೀನ್ ಅನ್ನುವ ಹಸಿರು, ಕೆಳಗೆ ಸ್ಕೈ ಅನ್ನುವ ತಿಳಿ ಹಸಿರು ಛಾಯೆ. ಸ್ಕೈ ಅಂದರೆ ಆಕಾಶ ನೀಲಿ ಅಂದುಕೊಂಡು ನೀಲಿ ಹಚ್ಚುವವರು ಬಹಳ. 1941ರ ಆಗಸ್ಟ್‌ನಿಂದ ಹಗಲು ಕಾದುವ ಫೈಟರ್‌ಗಳಲ್ಲಿ ಕಂದು ಹೋಗಿ ಓಷನ್ ಗ್ರೇ ಬಂತು, ಹೊಟ್ಟೆಗೆ ಮೀಡಿಯಂ ಸೀ ಗ್ರೇ. ಹಂಬ್ರೋಲ್‌ನಲ್ಲಾದರೆ ಓಷನ್ ಗ್ರೇ 106, ಡಾರ್ಕ್ ಗ್ರೀನ್ 163, ಮೀಡಿಯಂ ಸೀ ಗ್ರೇ 165. ಅದೇ ಹೊತ್ತಿಗೆ ರೆಕ್ಕೆಯ ಮುಂದಿನ ಅಂಚಿನ ಹೊರಭಾಗಕ್ಕೆ ಹಳದಿ ಪಟ್ಟಿಯೂ ಬಂತು. ಇದನ್ನು ಮರೆಯುವವರೇ ಜಾಸ್ತಿ. ಬಾಲದ ಮುಂದೆ ಮೈಸುತ್ತ ಸ್ಕೈ ಬಣ್ಣದ ಪಟ್ಟಿ ಅಸಲಿಯಲ್ಲಿ 18 ಇಂಚು, ನಿಮ್ಮ ಮಾಡೆಲ್‌ಗೆ 6.35 ಮಿ.ಮೀ. ಟೇಪನ್ನು ಗಾಜಿನ ಮೇಲೆ ಅಂಟಿಸಿ, ಹೊಸ ಬ್ಲೇಡಿನಿಂದ ಅಷ್ಟೇ ಅಗಲ ಬಿಟ್ಟು ಕತ್ತರಿಸಿಕೊಳ್ಳಿ.

ಯಾವ ಸ್ಕ್ವಾಡ್ರನ್‌ನ ಗುರುತು ಹಾಕಲಿ ಅಂತ ಕೇಳುವ ಕನ್ನಡಿಗರಿಗೆ ನನ್ನ ಉತ್ತರ ಯಾವಾಗಲೂ ಒಂದೇ: ಬ್ರಿಟನ್ನಿನ ರಾಯಲ್ ಏರ್ ಫೋರ್ಸ್‌ನ 129ನೇ ಸ್ಕ್ವಾಡ್ರನ್. ಅದರ ಪೂರ್ತಿ ಹೆಸರು '129 (ಮೈಸೂರು) ಸ್ಕ್ವಾಡ್ರನ್'. 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ಮತ್ತೆ ಕಟ್ಟಿದ ದಳ ಇದು. ಲಾಂಛನ ನಮ್ಮ ಗಂಡಭೇರುಂಡವೇ. ಮಾರ್ಕ್ 5 ಮತ್ತು ಮಾರ್ಕ್ 9 ಎರಡನ್ನೂ ಹಾರಿಸಿದ್ದರಿಂದ ನಿಮ್ಮ ಹಳೆಯ ಕಿಟ್ ಯಾವುದಾದರೂ ಹೊಂದುತ್ತದೆ. ಮೈಮೇಲಿನ ಸಂಕೇತಾಕ್ಷರ 'ಡಿವಿ'. ಸೀರಿಯಲ್ ನಂಬರ್ ಮಾತ್ರ ಅಂದಾಜಿಗೆ ಹಾಕಬೇಡಿ. ಒಂದು ನಿರ್ದಿಷ್ಟ ವಿಮಾನದ ಫೋಟೊ ಹುಡುಕಿ, ಅದರಲ್ಲಿ ಕಾಣುವುದನ್ನೇ ಹಾಕಿ.

ಹರಿಕೇನ್ ಇದ್ದವರಿಗೆ ಬರ್ಮಾ ರಂಗವೂ ಇದೆ. 1944ರಲ್ಲಿ ಇಂಫಾಲ್‌ನಲ್ಲಿ ಅರ್ಜನ್ ಸಿಂಗ್ ನಾಯಕತ್ವದ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ ಹಾರಿಸಿದ್ದು ಹರಿಕೇನ್‌ಗಳನ್ನೇ. ಅಲ್ಲಿನ ರೌಂಡೆಲ್‌ನಲ್ಲಿ, ಅಂದರೆ ರೆಕ್ಕೆ ಮತ್ತು ಮೈಮೇಲಿನ ದುಂಡು ಗುರುತಿನಲ್ಲಿ, ಕೆಂಪು ಇರಬಾರದು. ಜಪಾನಿ ವಿಮಾನದ ಕೆಂಪು ಸೂರ್ಯ ಅಂತ ತಪ್ಪಾಗಿ ನೋಡಿಯಾರು ಎಂದು ಅದನ್ನು ತೆಗೆದು ಗಾಢ ನೀಲಿಯ ಒಳಗೆ ತಿಳಿ ನೀಲಿ ಹಚ್ಚಿದರು.

8. ಡೆಕಾಲ್

ರೌಂಡೆಲ್‌ಗೂ ಕಾಲ ಇದೆ. 1942ರ ಮಧ್ಯದ ತನಕ ಮೈಮೇಲಿನದ್ದರಲ್ಲಿ ಕೆಂಪು, ಬಿಳಿ, ನೀಲಿ, ಹಳದಿ ನಾಲ್ಕೂ ದಪ್ಪ ಉಂಗುರ. ಆಮೇಲೆ ಬಿಳಿ, ಹಳದಿ ಎರಡೂ ತೆಳ್ಳಗಾದವು. ಮಾರ್ಕ್ 9ಕ್ಕೆ ಬೇಕಾದ್ದು ತೆಳು ಉಂಗುರದ್ದು, 36 ಇಂಚಿನದು, ಮಾಡೆಲ್ ಮೇಲೆ 12.7 ಮಿ.ಮೀ. ಡೆಕಾಲ್ ಹಾಳೆ ಕೊಳ್ಳುವಾಗ ಸ್ಕೇಲ್ ಹಿಡಿದು ನೋಡಿ.

ಮ್ಯಾಟ್, ಅಂದರೆ ಹೊಳಪಿಲ್ಲದ, ಬಣ್ಣದ ಮೇಲೆ ನೇರವಾಗಿ ಡೆಕಾಲ್ ಅಂಟಿಸಿದರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿಯ ಹಾಗೆ ಮಿನುಗುತ್ತದೆ. ಮೊದಲು ಮಿರುಗುವ ವಾರ್ನಿಶ್, ಅದರ ಮೇಲೆ ಡೆಕಾಲ್, ಒಂದು ದಿನ ಬಿಟ್ಟು ಮ್ಯಾಟ್ ವಾರ್ನಿಶ್.

ಹಳೆಯ ಪೆಟ್ಟಿಗೆಯ ಡೆಕಾಲ್ ಹಳದಿಗಟ್ಟಿದ್ದರೆ ಎಸೆಯಬೇಡಿ. ಪಾರದರ್ಶಕ ಕವರಿನಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿಡಿ, ಹಳದಿ ಕಮ್ಮಿಯಾಗುತ್ತದೆ. ಆಮೇಲೆ ಹಾಳೆಯ ಮೇಲೆ ಒಂದು ಪದರ ಪಾರದರ್ಶಕ ಲ್ಯಾಕರ್ ಹೊಡೆಯಿರಿ. ಇಲ್ಲದಿದ್ದರೆ ನೀರಿಗೆ ಬಿದ್ದ ಕೂಡಲೇ ಚೂರು ಚೂರಾಗುತ್ತದೆ. ಲ್ಯಾಕರ್ ಹೊಡೆದ ಮೇಲೆ ಒಂದೊಂದು ಚಿತ್ರವನ್ನೂ ಅಂಚಿನ ಗುಂಟ ಕತ್ತರಿಸಿಕೊಳ್ಳಬೇಕು. ಮೊದಲು ಬೇಡದ ಒಂದು ಅಕ್ಷರವನ್ನು ನೆನೆಸಿ ಪರೀಕ್ಷೆ ಮಾಡಿ.

9. ಇಡುವ ಜಾಗ

ನೇರ ಬಿಸಿಲು ಬೀಳದ ಗಾಜಿನ ಕಪಾಟು, ಟಿವಿಯ ಮೇಲೂ ಅಲ್ಲ, ಅಡುಗೆಮನೆಯ ಹತ್ತಿರವೂ ಅಲ್ಲ. ಧೂಳನ್ನು ಬಟ್ಟೆಯಿಂದ ಒರೆಸದೆ ಮೆತ್ತನೆ ಮೇಕಪ್ ಬ್ರಶ್‌ನಿಂದ ತೆಗೆಯಿರಿ. ಬಟ್ಟೆಯ ದಾರಕ್ಕೆ ಸಿಕ್ಕಿ ಚಕ್ರದ ಕಾಲು ಬಂದುಬಿಡುತ್ತದೆ. ಯಾವ ಬಣ್ಣ, ಯಾವ ಅಂಟು, ಯಾವ ತಿಂಗಳು ಅಂತ ಒಂದು ಚೀಟಿ ಬರೆದು, ಮೊದಲ ಹಂತದ ಫೋಟೊಗಳ ಜೊತೆ ಒಂದು ಕವರಿನಲ್ಲಿ ಹಾಕಿ ಮಾಡೆಲ್ ಪಕ್ಕದಲ್ಲೇ ಇಡಿ. ಮುಂದೆ ಇದನ್ನು ಮತ್ತೆ ಬಿಚ್ಚುವವರಿಗೆ ಯಾವ ದ್ರವ ಹಚ್ಚಬಹುದು, ಯಾವುದು ಬೇಡ ಅಂತ ಆ ಚೀಟಿಯಿಂದಲೇ ಗೊತ್ತಾಗಬೇಕು.